ಎಡಕ್ಕೆ ತಿರುಗಿದರೆ ಕತ್ತಲು

ನಿನ್ನೆ ಭಾನುವಾರ ಮಧ್ಯಾಹ್ನ ಮನೆಯ ಕಂಪ್ಯೂಟರ್ ಕೈಕೊಟ್ಟಿತು ಅಂತ ಅದರ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗಿನಿಂದ ಬಿಸಿ ಧೂಳಿನ ವಾಸನೆ ಬಂತು. ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕಿದಾಗ ಬರುತ್ತದಲ್ಲ, ಅದೇ ವಾಸನೆ. ಬೇರೆಯವರಿಗೆ ಅದರಿಂದ ಸೀನು ಬರುತ್ತದೆ. ನನಗೆ ಅಡಿಲೇಡಿನ ಮಾಡ್ಬರಿಯಲ್ಲಿ ಒಂದು ಮನೆಯ ಹಿಂದಿನ ರೂಮು, ಆ ರೂಮಿನಲ್ಲಿ ಆಟದ ಸ್ಟೀರಿಂಗ್ ಹಿಡಿದು ಕೂತಿದ್ದ ಚೆಲುವರಾಜು ಅಂಕಲ್ ನೆನಪಾಗುತ್ತಾರೆ. ಸೀನೂ ಬರುತ್ತದೆ, ಅದು ಬೇರೆ ಮಾತು.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕಂಪ್ಯೂಟರ್ ರಿಪೇರಿ ಬರುವುದಿಲ್ಲ. ನಾನು ಸಾಫ್ಟ್‌ವೇರಿನವನು, ಅದೂ ದೊಡ್ಡ ಸಾಫ್ಟ್‌ವೇರೇನಲ್ಲ. ನೌಕರರ ರಜಾ ಅರ್ಜಿಗಳು ಸರಿಯಾದ ಮ್ಯಾನೇಜರ್ ಹತ್ತಿರ ಹೋಗಿ ತಲುಪುವಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಆದರೆ ಇಲ್ಲಿನ ನಮ್ಮ ಕನ್ನಡದವರಿಗೆ ಇಂಥ ಸೂಕ್ಷ್ಮಗಳು ಬೇಕಿಲ್ಲ. ಈ ದೇಶಕ್ಕೆ ಬಂದ ಮೊದಲ ವರ್ಷ ಪರ್ತ್‌ನಲ್ಲಿ, ಓದಿಗೆ ತಕ್ಕ ಕೆಲಸ ಸಿಗದೆ, ವೆಲ್ಷ್‌ಪೂಲಿನ ಒಂದು ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿಡುತ್ತಿದ್ದೆ. ಆಗಲೂ ಹಬ್ಬದೂಟಕ್ಕೆ ಕರೆದವರು ಪಾಯಸ ಬಡಿಸುವ ಮುಂಚೆ ಪ್ರಿಂಟರ್ ತೋರಿಸುತ್ತಿದ್ದರು. ಅಡಿಲೇಡಿಗೆ ಬಂದು ನಿಜವಾಗಿ ಸಾಫ್ಟ್‌ವೇರ್ ಕೆಲಸ ಸಿಕ್ಕ ಮೇಲಂತೂ ಕೇಳಲೇಬೇಡಿ. ನಾನೂ ಇಲ್ಲ ಅನ್ನುತ್ತಿರಲಿಲ್ಲ ಅನ್ನಿ. ಆಗಿನ್ನೂ ಒಂಟಿ ಜೀವ. ಬಿಸಿ ಸಾರು ಸಿಗುವ ಕಡೆಗೆಲ್ಲ ಸ್ಕ್ರೂಡ್ರೈವರ್ ಸಮೇತ ಹಾಜರಾಗುತ್ತಿದ್ದೆ. ಮುಚ್ಚಳ ಬಿಚ್ಚುವುದು, ಹುಬ್ಬು ಗಂಟಿಕ್ಕಿ ಒಳಗೆ ನೋಡುವುದು, ಹೂಂ ಅನ್ನುವುದು, ಆಫ್ ಮಾಡಿ ಮತ್ತೆ ಆನ್ ಮಾಡುವುದು. ಮುಕ್ಕಾಲು ಪಾಲು ಕಾಯಿಲೆಗಳು ಅಷ್ಟರಲ್ಲೇ ವಾಸಿಯಾಗುತ್ತಿದ್ದವು.

ಚೆಲುವರಾಜು ಅಂಕಲ್ ನಮ್ಮ ಬೀದಿಯ ಆಚೆ ಬೀದಿಯಲ್ಲಿದ್ದ ವೀಣಾಳ ಅಪ್ಪ. ವೀಣಾ ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಪ್ರವೀಣನಿಗೆ ಉತ್ತರದ ಗಣಿಯಲ್ಲಿ ಎರಡು ವಾರ ಕೆಲಸ, ಒಂದು ವಾರ ಮನೆ. ಅಂಕಲ್ ಮೈಸೂರಿನವರು, ಮೂವತ್ತೊಂದು ವರ್ಷ ಸರ್ಕಾರಿ ಕೆಂಪು ಬಸ್ಸು ಓಡಿಸಿ ರಿಟೈರ್ ಆದವರು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ದಿನ ಬಿಟ್ಟು ದಿನ ಇಳಿದು ಹತ್ತಿದ ಮನುಷ್ಯ. ಒಂದೊಂದು ತಿರುವಿನ ಗುಣವನ್ನೂ ಬೀಗರ ಗುಣ ಹೇಳುವ ಹಾಗೆ ಹೇಳುತ್ತಿದ್ದರು. ಒಂಬತ್ತನೇ ತಿರುವು ನೋಡಲು ಸಾಧು, ನಂಬಬಾರದು. ಹದಿನಾಲ್ಕನೆಯದು ಬಾಯಿ ಜೋರು, ಮನಸ್ಸು ಒಳ್ಳೇದು. ಹೀಗೆ.

ಇಂಥವರು ಮಗಳ ಮನೆಗೆ ಬಂದು ಎರಡು ವರ್ಷದಿಂದ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಗಳು ಓಡಿಸುತ್ತಾಳೆ, ಮುಂದೆ ಅಳಿಯ, ಅಳಿಯ ಇಲ್ಲದಿದ್ದರೆ ಮಗಳ ಬ್ಯಾಗು. ಹಿಂದೆ ಅಂಕಲ್ ಮತ್ತು ಅವರ ಹೆಂಡತಿ ಜಯಮ್ಮ ಆಂಟಿ. ಸಿಗ್ನಲ್ ಬಂದಾಗಲೆಲ್ಲ ಅಂಕಲ್ ಕಾಲು ತಾನಾಗಿ ಕೆಳಗಿನ ಮ್ಯಾಟನ್ನು ಒತ್ತುತ್ತದೆ ಅಂತ ಆಂಟಿ ಹೇಳಿ ನಗುತ್ತಿದ್ದರು. ಅಂಕಲ್ ನಗುತ್ತಿರಲಿಲ್ಲ.

ಇಲ್ಲಿನ ಲೈಸೆನ್ಸಿಗೆ ಅವರು ಎರಡು ಸಲ ರೋಡ್ ಟೆಸ್ಟ್ ಕೊಟ್ಟು ಎರಡು ಸಲವೂ ಫೇಲಾಗಿದ್ದರು. ತಿರುಗುವ ಮುಂಚೆ ಕತ್ತು ಹೊರಳಿಸಿ ಎಡಭುಜದ ಹಿಂದೆ ನೋಡಲಿಲ್ಲ ಅನ್ನುವುದೇ ಎರಡು ಸಲವೂ ಬರೆದ ದೋಷ. ಮೂರನೇ ಟೆಸ್ಟಿಗೆ ಇನ್ನು ಹನ್ನೆರಡು ದಿನ. ಇದೇ ಕೊನೆ ಅಪ್ಪ, ಆಮೇಲೆ ಸಾಕು, ಈ ವಯಸ್ಸಿನಲ್ಲಿ ಯಾಕೆ ಕಷ್ಟ ಅಂತ ವೀಣಾ ಹೇಳಿದ್ದಳು. ಪ್ರೀತಿಯಿಂದಲೇ ಹೇಳಿದ್ದು. ಪ್ರೀತಿಯಿಂದ ಹೇಳಿದ್ದಕ್ಕೇ ಅಂಕಲ್ ಎದುರಾಡಲು ಆಗದೆ ಕೂತಿದ್ದರು. ಶಿಫ್ಟಿನ ಮಗಳಿಗೆ ಅವರನ್ನು ಪಕ್ಕ ಕೂರಿಸಿಕೊಂಡು ಕಲಿಸಲು ಪುರುಸೊತ್ತಿಲ್ಲ. ಉಳಿದದ್ದು ಪ್ರವೀಣನ ಕಂಪ್ಯೂಟರ್. ಅದರಲ್ಲಿ ಊರೊಳಗೆ ಕಾರು ಓಡಿಸುವ ಒಂದು ಆಟ, ಮೇಜಿಗೆ ಬಿಗಿದ ಸ್ಟೀರಿಂಗು, ಕೆಳಗೆ ಪೆಡಲ್. ಸಿಗ್ನಲ್, ರೌಂಡ್‌ಅಬೌಟ್, ರಸ್ತೆ ದಾಟುವ ಮುದುಕಿ ಎಲ್ಲ ಇದ್ದವು.

ತೊಂದರೆ ಏನಪ್ಪ ಅಂದರೆ ಓಡಿಸುತ್ತ ಓಡಿಸುತ್ತ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತಿತ್ತು. ಒಳಗೆ ಫ್ಯಾನು ಬಿರುಗಾಳಿಯ ಹಾಗೆ ಬೋರ್ಗರೆಯುತ್ತಿತ್ತು. ಆಫ್ ಮಾಡಿ ಆನ್ ಮಾಡಬೇಕು, ಆಟ ಮೊದಲಿನಿಂದ ಶುರು ಮಾಡಬೇಕು, ಹತ್ತು ನಿಮಿಷಕ್ಕೆ ಮತ್ತೆ ಕತ್ತಲು. ಪ್ರವೀಣ ಗಣಿಯಿಂದಲೇ ಫೋನಿನಲ್ಲಿ ಮಾವನಿಗೆ ಹೇಳಿದ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕ್ರ್ಯಾಶ್ ಆಗ್ತಿರಬೇಕು, ನಿಮ್ಮ ಫ್ರೆಂಡನ್ನ ಕರೆಸಿ ಅಂತ. ಫ್ರೆಂಡು ಅಂದರೆ ನಾನು. ಹೋದೆ.

ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ಇಂಟರ್ನೆಟ್ಟಿನಲ್ಲಿ ಓದಿಕೊಂಡು ಹೋಗಿದ್ದೆನಲ್ಲ, ಗಂಭೀರವಾಗಿ, ಡ್ರೈವರ್ ಹಳೇದಾಗಿದೆ ಅಂಕಲ್, ತೆಗೆದು ಹೊಸದು ಹಾಕಬೇಕು ಅಂದೆ. ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಅದು ಒಂದು ಪ್ರೋಗ್ರಾಮಿನ ಹೆಸರು ಅಂತ ಬಿಡಿಸಿ ಹೇಳುವಷ್ಟರಲ್ಲಿ ಬೆವರು ಬಂತು.

ಆಮೇಲಿನ ಒಂದು ವಾರ ನಾನು ಮಾಡದ ಚಿಕಿತ್ಸೆ ಇಲ್ಲ. ಧೂಳು ಹೊಡೆದೆ. ಕಾರ್ಡಿನ ಶಾಖ ಅಳೆಯುವ ಪ್ರೋಗ್ರಾಮ್ ಹಾಕಿ ಒಂದು ಗಂಟೆ ಕಾದೆ, ಶಾಖ ಸರಿಯಾಗಿಯೇ ಇತ್ತು. ಕರೆಂಟಿನ ವಯರು ಬದಲಾಯಿಸಿದೆ. ಪ್ರತಿ ಸಲವೂ ಕೊನೆಯಲ್ಲಿ ನಾನೇ ಕೂತು ಆಟ ಆಡಿ ನೋಡುತ್ತಿದ್ದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಬೆಣ್ಣೆಯ ಹಾಗೆ ಓಡುತ್ತಿತ್ತು. ಆಯ್ತು ಅಂಕಲ್ ಅಂತ ಹೇಳಿ, ಊಟ ಮಾಡಿ, ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಫೋನು. ಮತ್ತೆ ಹೋಯ್ತಪ್ಪ. ಮಕ್ಕಳು ಡಾಕ್ಟರ ಮುಂದೆ ಕೆಮ್ಮೋದಿಲ್ಲ ನೋಡು, ಹಂಗೆ ಇದು ಅಂತ ಆಂಟಿ ಹಿಂದಿನಿಂದ ಹೇಳುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಅಂಕಲ್ ಮೇಲೆ ಅನುಮಾನ ಶುರುವಾಗಿತ್ತು. ವಯಸ್ಸಾದವರು, ಏನೋ ಒತ್ತಬಾರದ್ದು ಒತ್ತುತ್ತಿರಬೇಕು. ಐದೇ ದಿನ ಉಳಿದಿದ್ದಾಗ ಒಂದು ಬೆಳಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ, ನೀವೇನಾದ್ರೂ ಒತ್ತುತ್ತೀರಾ ಅಂಕಲ್ ಅಂತ. ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

"ನೋಡಪ್ಪ, ನನ್ನ ಗಾಡಿ ತೊಂದರೆ ಕೊಟ್ಟಾಗ ಡಿಪೋದ ಮೆಕ್ಯಾನಿಕ್ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಪಕ್ಕ ಕೂತು, ಓಡಿಸಿ ತೋರಿಸಿ ಚೆಲುವರಾಜಣ್ಣ ಅನ್ನೋನು. ನೀನು ಒಂದು ವಾರದಿಂದ ಬರ್ತಿದ್ದೀಯ. ಒಂದ್ಸಲಾನಾದ್ರೂ ನಾನು ಓಡಿಸೋದು ನೋಡಿದ್ಯಾ?"

ನೋಡಿರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತೆ. ಓಡಿಸಿ ತೋರಿಸಿ ಅಂಕಲ್ ಅಂದೆ.

ಅವರು ಓಡಿಸಿದರು ನೋಡಿ. ನಾನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದ ಆ ಸ್ಟೀರಿಂಗನ್ನು ಅಂಕಲ್ ಎರಡೂ ಕೈಯಲ್ಲಿ ಹಿಡಿದು, ಸೀಟಿನಿಂದ ಅರ್ಧ ಎದ್ದು, ಭುಜ ಕೊಟ್ಟು ಎಳೆಯುತ್ತಿದ್ದರು. ಪವರ್ ಸ್ಟೀರಿಂಗ್ ಇಲ್ಲದ ಕಾಲದ ಬಸ್ಸು, ತುಂಬಿದ ಗಾಡಿ, ಘಾಟಿ. ಆ ತೋಳುಗಳಿಗೆ ಬೇರೆ ಥರ ತಿರುಗಿಸಲು ಗೊತ್ತೇ ಇರಲಿಲ್ಲ. ಮೇಜು ಗಡಗಡ ಅನ್ನುತ್ತಿತ್ತು. ಮೇಜಿನ ಮೇಲಿದ್ದ ಕಂಪ್ಯೂಟರಿನ ಡಬ್ಬ ತಲೆಯಾಡಿಸುತ್ತಿತ್ತು. ಒಂದು ದೊಡ್ಡ ಎಡತಿರುವು ಬಂತು, ಅಂಕಲ್ ಜಗ್ಗಿದರು, ಕತ್ತಲು.

ಮುಚ್ಚಳ ಬಿಚ್ಚಿ ಈ ಸಲ ಇಬ್ಬರೂ ಬಗ್ಗಿ ನೋಡಿದೆವು. ಗ್ರಾಫಿಕ್ಸ್ ಕಾರ್ಡ್ ಅನ್ನುವುದು ಇಟ್ಟಿಗೆಯಷ್ಟು ದಪ್ಪ, ಒಳ್ಳೆ ತೂಕ. ಒಂದು ಬದಿಯನ್ನು ಮಾತ್ರ ಸಂದಿಗೆ ಸಿಕ್ಕಿಸಿರುತ್ತಾರೆ, ಇನ್ನೊಂದು ಬದಿ ಗಾಳಿಯಲ್ಲಿ. ನಾನು ಏಳು ದಿನ ಅದನ್ನು ನೋಡಿದ್ದೆ, ಧೂಳನ್ನೂ ಒರೆಸಿದ್ದೆ. ಅಂಕಲ್ ಒಂದೇ ಸಲ ನೋಡಿ, ಇದು ಒಂದು ಕಡೆ ವಾಲಿದೆಯಲ್ಲಪ್ಪ, ಸ್ಪ್ರಿಂಗ್ ಪ್ಲೇಟ್ ಮುರಿದ ಬಸ್ಸಿನ ಹಾಗೆ ಅಂದರು. ಹೌದು, ವಾಲಿತ್ತು. ಅಲುಗಿದಾಗಲೆಲ್ಲ ಆ ಸಂದಿಯಲ್ಲಿ ಸಂಪರ್ಕ ತಪ್ಪುತ್ತಿತ್ತು. ಕಾಯಿಲೆ ಇದ್ದದ್ದು ಅಷ್ಟೇ. ಅಂಕಲ್ ಒಳಗೆ ಹೋಗಿ ಆಂಟಿಯ ಮಂಡಿನೋವಿನ ಮುಲಾಮಿನ ಖಾಲಿ ಬಾಟಲಿ ತಂದು ಕಾರ್ಡಿನ ಕೆಳಗೆ ನಿಲ್ಲಿಸಿದರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಡಬ್ಬವನ್ನು ಮೇಜಿನಿಂದ ಇಳಿಸಿ ನೆಲದ ಮೇಲಿಟ್ಟಿದ್ದು ಮಾತ್ರ ನನ್ನ ಕೊಡುಗೆ. ಆಮೇಲೆ ಅದು ಒಂದು ದಿನವೂ ಕಪ್ಪಾಗಲಿಲ್ಲ.

ಸ್ಟೂಲಿನ ಮೇಲೆ ಕೂತ ಪುಣ್ಯಕ್ಕೆ ಇನ್ನೊಂದೂ ಕಂಡಿತ್ತು. ಅಂಕಲ್ ಎಡಕ್ಕೆ ತಿರುಗುವಾಗ ಕನ್ನಡಿ ನೋಡುತ್ತಾರೆ, ಕತ್ತು ಮಾತ್ರ ಒಂದಿಂಚು ಹೊರಳಿಸುವುದಿಲ್ಲ. ಯಾಕೆ ಅಂಕಲ್ ಅಂದರೆ, ಆ ಕಡೆ ನೋಡೋದಕ್ಕೆ ಕಂಡಕ್ಟರ್ ಇರ್ತಿದ್ದ, ಹೋಲ್ಡಾನ್ ಅಂದ್ರೆ ನಿಲ್ಲಿಸಬೇಕು, ರೈಟ್ ಅಂದ್ರೆ ಹೋಗಬೇಕು, ನಾನು ತಿರುಗಿ ನೋಡಿದ್ರೆ ಅವನನ್ನ ನಂಬದ ಹಾಗಾಗುತ್ತಲ್ಲ ಅಂದರು. ಮೂವತ್ತೊಂದು ವರ್ಷದ ಮರ್ಯಾದೆ ಅದು. ಆ ಮರ್ಯಾದೆಯೇ ಎರಡು ಸಲ ಫೇಲು ಮಾಡಿಸಿತ್ತು.

ಮದ್ದು ಕಂಡುಹಿಡಿದವರು ಜಯಮ್ಮ ಆಂಟಿ. ಅಂಕಲ್ ಎಡಭುಜದ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಪ್ರತಿ ತಿರುವಿಗೂ ಮುಂಚೆ ಅಂಕಲ್ ಹಿಂದೆ ನೋಡಿ, ಆಂಟಿ ಕೈಯಲ್ಲಿ ಏನಿದೆ ಅಂತ ಹೇಳಬೇಕು. ಆಂಟಿ ಕೈಯಲ್ಲಿ ಒಮ್ಮೆ ಬೀನ್ಸು, ಒಮ್ಮೆ ಫೋನು, ಒಮ್ಮೆ ಬೆಳ್ಳುಳ್ಳಿ. ಹೇಳದೆ ತಿರುಗಿದರೆ ಆವತ್ತಿನ ಸಂಜೆ ಕಾಫಿ ಇಲ್ಲ. ಮೊದಲ ದಿನ ಕಾಫಿ ಸಿಗಲಿಲ್ಲ. ಎರಡನೇ ದಿನದಿಂದ ಆ ರೂಮಿನಲ್ಲಿ ಬೆಳ್ಳುಳ್ಳಿ, ಬೀನ್ಸು, ಬೆಳ್ಳುಳ್ಳಿ, ಖಾಲಿ ಕೈ ಅಂತ ಒಂದೇ ಸಮನೆ ಪಾರಾಯಣ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಂಟಿ ಮಾತ್ರ ನಗದೆ ಕೂತಿದ್ದರು. ಇವರು ಮತ್ತೆ ಫೇಲಾದ್ರೆ ಮನೆಯಿಂದ ಹೊರಗೆ ಬರೋದೇ ಬಿಡ್ತಾರೆ ಕಣಪ್ಪ ಅಂತ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದ್ದರು.

ಟೆಸ್ಟಿನ ದಿನ ವೀಣಾಳಿಗೆ ಡ್ಯೂಟಿ. ನನ್ನ ಸಣ್ಣ ಕಾರಿನಲ್ಲಿ ನಾನೇ ಕರೆದುಕೊಂಡು ಹೋದೆ. ಅಂಕಲ್ ಅದೇ ಕಾರಿನಲ್ಲಿ ಪರೀಕ್ಷಕನ ಜೊತೆ ಹೊರಟರು. ನಾನೂ ಆಂಟಿಯೂ ಬೆಂಚಿನ ಮೇಲೆ ಕೂತೆವು. ನನ್ನ ಸ್ವಂತ ಇಂಟರ್ವ್ಯೂಗಳಿಗೂ ನಾನು ಅಷ್ಟು ಉಗುರು ಕಚ್ಚಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಕಾರು ಬಂತು. ಅಂಕಲ್ ಇಳಿದು ನಿಧಾನವಾಗಿ ನಡೆದು ಬಂದರು, ಮುಖದಲ್ಲಿ ಏನೂ ಇಲ್ಲ. ನನ್ನ ಕೈಗೆ ಕಾಗದ ಕೊಟ್ಟು, ಓದಪ್ಪ, ಕನ್ನಡಕ ತಂದಿಲ್ಲ ಅಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಓದಿದೆ. ಪಾಸು.

ಪರೀಕ್ಷಕ ಒಂದೇ ಒಂದು ಪ್ರಶ್ನೆ ಕೇಳಿದನಂತೆ, ಪ್ರತಿ ತಿರುವಿನಲ್ಲೂ ಏನೋ ಹೇಳ್ತೀರಲ್ಲ, ಪ್ರಾರ್ಥನೆಯಾ ಅಂತ. ಗಾರ್ಲಿಕ್ ಅಂದೆ, ಆಮೇಲೆ ಅವನು ಏನೂ ಕೇಳಲಿಲ್ಲ ಅಂದರು ಅಂಕಲ್.

ವಾಪಸ್ಸು ಅವರೇ ಓಡಿಸುವುದು ಅಂತ ಆಯಿತು. ನಾನು ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈ ಹಾಕಿದೆ. "ನೀನು ಹಿಂದೆ ಕೂತ್ಕೋಪ್ಪ," ಅಂದು ಅಂಕಲ್ ಮುಂದಿನ ಬಾಗಿಲನ್ನು ಆಂಟಿಗೆ ತೆರೆದು ನಿಂತರು. ಅಷ್ಟು ವರ್ಷ ಗಂಡನ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು ಅವರ ಬೆನ್ನು ನೋಡಿಕೊಂಡು ಹೋದವರು ಆಂಟಿ. ಬ್ಯಾಗನ್ನು ಎದೆಗೊತ್ತಿಕೊಂಡು ಗಂಡನ ಪಕ್ಕ ಕೂತರು.

ನಾನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಅದೇ ಮೊದಲ ಸಲ ಕೂತಿದ್ದು. ಮಂಡಿ ಗಲ್ಲಕ್ಕೆ ಬಂತು. ಮುಂದೆ ಅವರಿಬ್ಬರೂ ಏನೋ ಮಾತಾಡಿ ನಗುತ್ತಿದ್ದರು, ನನಗೆ ಅರ್ಧ ಕೇಳಿಸಿತು. ನಾನೂ ಏನೋ ಹೇಳಿದೆ. ಆಂ ಅಂದರು, ಮತ್ತೆ ಅವರ ಮಾತಿಗೆ ಹೋದರು. ಎರಡು ವರ್ಷ ಈ ಮನುಷ್ಯ ಹೀಗೆ ಕೂತಿದ್ದರು ಅನ್ನುವುದು ಆಗ ನನಗೆ ಹೊಳೆದದ್ದು.

ಹೊಳೆದದ್ದು ಎಷ್ಟು ದಿನ ಉಳಿಯಿತು ಅಂತ ಕೇಳಬೇಡಿ. ಕೆಲಸ ಬದಲಾಯಿತು, ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ಗೆ ಬಂದೆ, ಮದುವೆಯಾಯಿತು. ಹೆಂಡತಿಯ ಅಪ್ಪ, ತುಮಕೂರಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವರು, ಎರಡು ವಾರದ ಹಿಂದೆ ನಮ್ಮ ಮನೆಗೆ ಬಂದಿದ್ದಾರೆ. ಮಾತು ಕಡಿಮೆ. ನಿಮ್ಮಪ್ಪನ ಸ್ವಭಾವವೇ ಹಾಗಾ ಅಂತ ಹೆಂಡತಿಯನ್ನು ಕೇಳಿಯೂ ಇದ್ದೆ. ನಿನ್ನೆ, ಬಿಚ್ಚಿದ ಕಂಪ್ಯೂಟರನ್ನು ಹಾಗೇ ಬಿಟ್ಟು ಎದ್ದೆ. ಪೆಟ್ರೋಲ್ ಹಾಕಿಸಲು ಸರ್ವೋಗೆ ಹೋಗ್ತಿದ್ದೀನಿ, ಬರ್ತೀರಾ ಮಾವ ಅಂದೆ. ಸರ್ವೋ ಅಂದರೆ ಇಲ್ಲಿನವರ ಬಾಯಲ್ಲಿ ಪೆಟ್ರೋಲ್ ಬಂಕು. ಅವರು ಶರ್ಟು ಹಾಕಿಕೊಂಡು ಬಂದು, ಕೇಳದೆಯೇ ಹಿಂದಿನ ಬಾಗಿಲ ಹಿಡಿಗೆ ಕೈಯಿಟ್ಟರು.

ಮುಂದಿನ ಸೀಟಿನಲ್ಲಿ ನನ್ನ ಲ್ಯಾಪ್‌ಟಾಪ್ ಬ್ಯಾಗು ಕೂತಿತ್ತು. ಎತ್ತಿ ಹಿಂದಕ್ಕೆ ಎಸೆದೆ. ಮುಂದೆ ಬನ್ನಿ ಮಾವ ಅಂದೆ.

"ಯಾಕಪ್ಪ, ಏನಾದ್ರೂ ತೊಂದರೆನಾ?" ಅಂದರು.

ಇಲ್ಲ ಅಂದೆ. ಕೂತರು, ಬೆಲ್ಟು ಹಾಕಿಕೊಂಡರು. ಮೊದಲ ತಿರುವು ದಾಟುವಷ್ಟರಲ್ಲಿ, ಈ ನೇರಳೆ ಹೂವಿನ ಮರಕ್ಕೆ ಇಲ್ಲಿ ಏನಂತಾರೆ ಅಂತ ಕೇಳಿದರು. ಆಮೇಲೆ ಇಲ್ಲಿನ ಔಷಧಿ ಅಂಗಡಿ, ಆಮೇಲೆ ತಮ್ಮ ಅಂಗಡಿ, ಆಮೇಲೆ ನನ್ನ ಹೆಂಡತಿ ಆರು ವರ್ಷದವಳಿದ್ದಾಗ ಆ ಅಂಗಡಿಯ ಕೆಮ್ಮಿನ ಸಿರಪ್ಪನ್ನು ಕದ್ದು ಕುಡಿದದ್ದು. ಎರಡು ವಾರದಲ್ಲಿ ಆಡದಷ್ಟು ಮಾತು. ಸರ್ವೋ ಬಂತು. ನಾನು ನಿಲ್ಲಿಸಲಿಲ್ಲ.

ಪೆಟ್ರೋಲ್ ಬಂಕು ಬಿಟ್ಟು ಬಂದ್ವಿ ಅನ್ಸುತ್ತಲ್ಲಪ್ಪ ಅಂದರು. ಇನ್ನೊಂದಿದೆ ಮಾವ, ಸ್ವಲ್ಪ ದೂರ ಅಂದೆ. ಹೌದಾ ಅಂದು, ಸಿರಪ್ಪಿನ ಕಥೆ ಮುಂದುವರಿಸಿದರು.