ಗಂಗತ್ತಿಯ ಒಂದೇ ಸಾಲು

ಮೈದಾ ಅಂಟಿಗೆ ಮೈಲುತುತ್ತದ ಪುಡಿ ಬೆರೆಸಿ ಕುದಿಸಿದಾಗ ಒಂದು ವಾಸನೆ ಏಳುತ್ತದೆ, ಪೂರ್ತಿ ಹುಳಿಯೂ ಅಲ್ಲ, ಕಮಟೂ ಅಲ್ಲ. ಪುಸ್ತಕಕ್ಕೆ ಹುಳ ಹತ್ತದಿರಲೆಂದು ಬೈಂಡಿಂಗಿನವರು ಹಾಕುವ ನೀಲಿ ವಿಷ ಅದು. ಕೊಲ್ಹಾಪುರದಲ್ಲಿ ನಾನು ಗ್ರಂಥಪಾಲಕಿಯಾಗಿರುವ ಕಾಲೇಜಿಗೆ ಬೈಂಡರ್ ಬಂದು ಒಲೆ ಹೂಡಿದ ದಿನ ನನಗೆ ಕೆಲಸ ಸಾಗುವುದಿಲ್ಲ. ಮನಸ್ಸಿನಲ್ಲೇ ಗಡಿಯೂರಾದ ಗಡಹಿಂಗ್ಲಜದ ನಮ್ಮ ಪಡಸಾಲೆಗೆ ಹೋಗಿ ಕೂತುಬಿಟ್ಟಿರುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಮನೆ ಹೋದರೂ ಅದು ಹೋಗುವುದಿಲ್ಲ.

ಆ ಪಡಸಾಲೆಯೇ ಓಣಿಯ ವಾಚನಾಲಯ. ನಡೆಸುತ್ತಿದ್ದವಳು ಅಪ್ಪನ ಅಕ್ಕ ಗಂಗತ್ತಿ. ಗಂಡ ಸತ್ತು ತವರಿಗೆ ಬಂದವಳು ನಲವತ್ತು ದಾಟಿದ ಮೇಲೆ ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಓಡಾಡಿ ಗ್ರಂಥಪಾಲಕರ ಪರೀಕ್ಷೆ ಪಾಸು ಮಾಡಿದ್ದಳು. "ಈ ವಯಸ್ಸಿನ್ಯಾಗ ಪಾಟಿ-ಪೆನ್ಸಿಲ್ಲ ಯಾಕಬೇ?" ಎಂದು ನಕ್ಕ ಓಣಿ ಆಮೇಲೆ ಅವಳಿಗೆ ಹೆದರುತ್ತಿತ್ತು. ಹಾಳೆಯ ಮೂಲೆ ಮಡಚಿದವರ ಬೆರಳ ಗಂಟಿಗೆ ಸಾಗವಾನಿ ರೂಲುದೊಣ್ಣೆ ಬೀಳುತ್ತಿತ್ತಲ್ಲ! ನನ್ನ ಬೆರಳುಗಳೂ ಬೇಕಾದಷ್ಟು ಸಲ ಊದಿವೆ. ಕಲಿತು ಬಂದ ಪದ್ಧತಿಯನ್ನೆಲ್ಲ ಬದಿಗಿಟ್ಟು ಅವಳು ತನ್ನದೇ ಒಂದು ಮಾಡಿಕೊಂಡಿದ್ದಳು. ಅ ಆ ಇ ಈ ಕನ್ನಡಕ್ಕೂ ಅದೇ, ಮರಾಠಿಗೂ ಅದೇ. ಹಾಗಾಗಿ ಬರೆದವರ ಹೆಸರಿನ ಮೊದಲ ಅಕ್ಷರ ಹಿಡಿದು ಎರಡೂ ಭಾಷೆಯ ಪುಸ್ತಕಗಳು ಒಂದೇ ಸಾಲಿನಲ್ಲಿ, ಒಂದೇ ಕಂದು ರಟ್ಟಿನಲ್ಲಿ, ಬೆನ್ನ ಮೇಲೆ ಬರೀ ನಂಬರು ಹೊತ್ತು ನಿಂತಿದ್ದವು. ಬೇರೆ ಬೇರೆ ಇಡಿ ಎಂದವರಿಗೆ, "ಆಜರಾ ಊರಿನ ಅಕ್ಕಿ ಉಣ್ಣೂ ಮುಂದ ಅದರ ಭಾಷಾ ಕೇಳ್ತೀರೇನು?" ಎನ್ನುತ್ತಿದ್ದಳು. ಯಾವುದು ಎಲ್ಲಿದೆಯೆಂದು ಅವಳಿಗೆ ಬಾಯಿಪಾಠ, ಅವಳು ಕಲಿಸಿದ್ದರಿಂದ ನನಗೂ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಗಡಿಯಲ್ಲಿ ಮತ್ತೆ ಭಾಷೆಯ ಗಲಾಟೆ ಎದ್ದಿತು. ಒಂದು ಮಧ್ಯಾಹ್ನ, ಅಪ್ಪ ಅಂಗಡಿಗೆ ಹೋಗಿದ್ದಾಗ, ಹತ್ತು-ಹದಿನೈದು ಮಂದಿ ಬಾಗಿಲು ಒದ್ದು ಒಳಗೆ ನುಗ್ಗಿದರು. ಮುಂದಿದ್ದವನು ನಮ್ಮಲ್ಲೇ ಪತ್ತೇದಾರಿ ಕಾದಂಬರಿ ಒಯ್ಯುತ್ತಿದ್ದವ. "ಬಾಯೀ, ಕಾನಡೀ ಕುಠಲೀ? ದಾಖವಾ," ಎಂದ. ಕನ್ನಡದವು ಯಾವುವು, ತೋರಿಸಿ ಎಂದು ಕೇಳುವಾಗಲೂ ಮರ್ಯಾದೆ ಬಿಡಲಿಲ್ಲ ಮಹಾರಾಯ. ಒಂದೊಂದೇ ಬಿಚ್ಚಿ ನೋಡುವ ಪುರುಸೊತ್ತು ಅವರಿಗಿರಲಿಲ್ಲ. "ಎಲ್ಲಾ ಓದಾವರ ಪುಸ್ತಕ ಅದಾವ. ಹೊರಗ ನಡೀರಿ," ಎಂದಳು ಅತ್ತಿ. ಒಬ್ಬ ಅವಳ ರೂಲುದೊಣ್ಣೆಯನ್ನೇ ಕಿತ್ತುಕೊಂಡ. ಇಬ್ಬರು ಅವಳ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಮೂರನೆಯ ಪೆಟ್ಟಿಗೆ ಹಸಿ ಕಬ್ಬು ಮುರಿದಂಥ ಸದ್ದಾಯಿತು. "ಹೇಳೂದಿಲ್ಲ," ಎಂದಳು. ತುರುಬು ಹಿಡಿದು ಹಣೆಯನ್ನು ಕಪಾಟಿಗೆ ಗುದ್ದಿದರು; ರಕ್ತ ಕಣ್ಣೊಳಗೆ ಇಳಿಯಿತು. ಆಗಲೂ ಅದನ್ನೇ ಹೇಳಿದಳು. ಮತ್ತೆ ಗುದ್ದಿದರು.

"ಹೊಡೀಬ್ಯಾಡ್ರಿ! ನಾ ತೋರಸ್ತೇನಿ!" ಎಂದು ಕಿರುಚಿದವಳು ನಾನು. "ಬ್ಯಾಡವಾ, ಬ್ಯಾಡ," ಎಂದು ಅತ್ತಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ‘ಅ’ದಿಂದ ಶುರುಮಾಡಿ ‘ಹ’ದವರೆಗೆ ಒಂದೊಂದೇ ಎಳೆದು ಕೊಟ್ಟೆ. ಕೈ ಸ್ವಲ್ಪವೂ ನಡುಗಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ನನ್ನ ಮೇಲೆ ಹೇಸಿಗೆ. ಅಂಗಳದಲ್ಲಿ ರಾಶಿ ಹಾಕಿ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದರು. ಒಳಗೆ ಸಂದು ಬಿದ್ದ ಕಪಾಟಿನಲ್ಲಿ ಉಳಿದ ಮರಾಠಿ ಪುಸ್ತಕಗಳು ಒಂದರ ಮೇಲೊಂದು ವಾಲಿಕೊಂಡವು.

ಆ ಮನೆ ಕೆಡವಿ ಅಲ್ಲೀಗ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ಅತ್ತಿ ಹೋಗಿಯೂ ಬಹಳ ವರ್ಷವಾಯಿತು. ನಾನು ಅವಳ ಕಸುಬನ್ನೇ ಹಿಡಿದೆ, ಅವಳಿಗಿಂತ ದೊಡ್ಡ ಪರೀಕ್ಷೆಗಳನ್ನೂ ಪಾಸು ಮಾಡಿದೆ. ಆಗ ಕೈಯ ಪ್ಲಾಸ್ಟರ್ ಬಿಚ್ಚಿದ ದಿನ ಅವಳು ಸೊಟ್ಟಗಾದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಪಾಟುಗಳ ಮುಂದೆ ಮೆಲ್ಲಗೆ ನಡೆದು ಬಂದಳು. ಬೈಯುತ್ತಾಳೆಂದು ಕಾದೆ. ಬೈಯಲಿ ಎಂದು ದೇವರಿಗೆ ಬೇಡಿಕೊಂಡೆ. ಅವಳು ಎಡಗೈಯನ್ನು ನನ್ನ ತಲೆಯ ಮೇಲಿಟ್ಟು, "ನೀ ಒಂದೂ ಬಿಟ್ಟಿಲ್ಲ ನೋಡವಾ," ಎಂದಳು. "ಭಾಳ ಛಲೋ ಕಲಿಸೇನಿ ನಿನಗ."