ಬುಧವಾರದ ನಸೀಮಾ ಮೇಡಂ

ಭಾನುವಾರ ನಸೀಮಾ ಮೇಡಂ ಅವರ ದನಿ ಅಕ್ಕಿಆಲೂರಿನ ಪೇಟೆಯವರೆಗೂ ಕೇಳುತ್ತಿತ್ತು. ಬುಧವಾರ ಅವರ ಹೆಜ್ಜೆಯ ಸಪ್ಪಳವೂ ಕೇಳುತ್ತಿರಲಿಲ್ಲ.

ನಿಂತುಹೋದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಅವರ ಕರಾಟೆ ಕ್ಲಾಸು. ಇಪ್ಪತ್ತು ಇಪ್ಪತ್ತೈದು ಹೆಂಗಸರು, ಹುಡುಗಿಯರು. ಮೇಡಂ ‘ಒಂದು!’ ಎಂದರೆ ಅಷ್ಟೂ ಮುಷ್ಟಿಗಳು ಒಟ್ಟಿಗೆ ಮುಂದೆ ಹೋಗುತ್ತಿದ್ದವು, ‘ಎರಡು!’ ಎಂದರೆ ಅಷ್ಟೂ ಕಾಲುಗಳು ಮೇಲೇಳುತ್ತಿದ್ದವು. ಬುಧವಾರ ಮಧ್ಯಾಹ್ನ ಗಿರಣಿಯ ಖಾಲಿ ಗೋದಾಮಿನಲ್ಲಿ ನನಗೊಬ್ಬಳಿಗೇ ಪಾಠ. ಕಣ್ಣಿಗೆ ಬಟ್ಟೆ ಕಟ್ಟಿ ನಡುವೆ ನಿಲ್ಲಿಸಿ, ತಾವು ಬರಿಗಾಲಲ್ಲಿ ಸುತ್ತುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ನನ್ನ ಕುತ್ತಿಗೆಯ ಹಿಂದೆ ಎರಡು ಬೆರಳು ತಾಗುತ್ತಿದ್ದವು. ‘ಸತ್ರಿ ನೀವು’ ಎಂದು ಕಿವಿಯ ಹತ್ತಿರ ಮೆಲ್ಲಗೆ ಹೇಳಿ ಮತ್ತೆ ದೂರ ಸರಿಯುತ್ತಿದ್ದರು.

ನಾನು ನರ್ಸು. ಸ್ಕೂಟರಿನಲ್ಲಿ ಹಳ್ಳಿಗಳಿಗೆ ಹೋಗುವಾಗ ಒಬ್ಬಾತ ಬೈಕಿನಲ್ಲಿ ಬೆನ್ನು ಹತ್ತುತ್ತಿದ್ದ. ಅದಕ್ಕೇ ಕ್ಲಾಸಿಗೆ ಸೇರಿದ್ದು. ಮೊದಲ ದಿನವೇ ಮೇಡಂ, ‘ಬರೇ ಭಾನುವಾರ ಬಂದ್ರ ಸಾಲಂಗಿಲ್ರಿ. ಬುಧವಾರ ಒಬ್ರ ಬರ್ರಿ’ ಎಂದರು. ಯಾಕೆಂದು ಕೇಳಿದೆ.

‘ನನ್ನ ತಂಗಿ ಮುನ್ನಿ ನನ್ನ ಕೈಯಾಗ ಕಲ್ತಾಕಿ. ಕ್ಲಾಸಿನ್ಯಾಗ ಅಕಿನ್ನ ಮೀರಿಸೋರು ಇರ್ಲಿಲ್ಲ. ಒಂದಿನ ಕಾಲುವಿ ದಂಡಿಮ್ಯಾಲೆ ಒಬ್ಬಾಂವ ಕೈ ಹಿಡದ. ಅಕಿ ಸುಮ್ನ ನಿಂತಬಿಟ್ಲು. ಮೂರು ದಿನ ದವಾಖಾನ್ಯಾಗ ಇದ್ಲರಿ. ಸಾಯೂಕಿಂತ ಮೊದ್ಲ ಹೇಳಿದ್ಲು, ಆಪಾ, ನೀ “ಒಂದು” ಅಂತಿ ಅಂತ ಕಾಯಾಕತ್ತಿದ್ದೆ ಅಂತ.’

ಅಷ್ಟು ಹೇಳಿ, ನನ್ನ ಕಣ್ಣಿಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದರು.

ನಾಲ್ಕು ತಿಂಗಳು ಪ್ರತಿ ಬುಧವಾರ ನಾನು ಸಾಯುತ್ತಲೇ ಇದ್ದೆ. ಆಮೇಲೊಂದು ದಿನ, ಹೊರಗೆ ಉರಿಬಿಸಿಲು, ಒಳಗೆ ಮಾತ್ರ ಯಾಕೋ ತಣ್ಣಗೆ. ಬೆನ್ನ ಹಿಂದೆ ಗಾಳಿ ಕದಲಿದಂತಾಯಿತು. ಗಕ್ಕನೆ ತಿರುಗಿ ಕೈ ಹಾಕಿದೆ. ಮಣಿಕಟ್ಟು ಸಿಕ್ಕಿತು. ತೀರಾ ಸಣ್ಣದು, ಗಾಜಿನ ಬಳೆಗಳು ನನ್ನ ಅಂಗೈಗೆ ಒತ್ತಿದವು.

‘ಹಿಡದೆ ಮೇಡಂ!’

‘ಯಾರನ್ನ ಹಿಡದ್ರಿ?’ ದನಿ ಬಾಗಿಲ ಕಡೆಯಿಂದ ಬಂತು.

ಬಟ್ಟೆ ಕಿತ್ತೆಸೆದೆ. ಮೇಡಂ ಇಪ್ಪತ್ತು ಹೆಜ್ಜೆ ದೂರದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಅವರು ಬಳೆ ತೊಡುವವರೇ ಅಲ್ಲ. ನನ್ನ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಅಂಗೈ ಮೇಲೆ ನಾಲ್ಕು ಕೆಂಪು ಗೆರೆಗಳಿದ್ದವು.

ಮೇಡಂ ಹತ್ತಿರ ಬಂದು ಆ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಭುಜದಾಚೆ ನೋಡಿ, ‘ನೋಡಿದಿ? ಹಂಗ ತಿರುಗಬೇಕು’ ಎಂದರು. ನನ್ನೊಂದಿಗೆ ಅವರು ಎಂದೂ ಏಕವಚನದಲ್ಲಿ ಮಾತಾಡಿದವರಲ್ಲ.

ಆ ವಾರವೇ ಬೈಕಿನವನು ಸ್ಕೂಟರಿಗೆ ಅಡ್ಡ ಬಂದು ನನ್ನ ತೋಳಿಗೆ ಕೈ ಹಾಕಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ಮೊಣಕೈ ಅವನ ಮೂಗಿಗೆ ಬಡಿದಿತ್ತು. ರಕ್ತ ಸುರಿಸುತ್ತ, ಬೈಕು ಬಿಟ್ಟು ಗದ್ದೆಯಲ್ಲಿ ಓಡಿದ. ಮತ್ತೆ ಆ ದಾರಿಯಲ್ಲಿ ಕಾಣಲಿಲ್ಲ.

ಮೇಡಂ ಅವರಿಗೆ ಹೇಳಿದೆ. ಅವರು ಗೋದಾಮಿನ ಕಡೆ ಕೈ ಮಾಡಿ, ‘ಅಕಿಗೂ ಹೇಳ್ರಿ’ ಎಂದರು.

ಒಳಗೆ ಹೋಗಿ ಮೊದಲಿನಿಂದ ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ. ತಗಡಿನ ಕೆಳಗೆ ಗುಟುರುಹಾಕುತ್ತಿದ್ದ ಪಾರಿವಾಳಗಳು, ನಾನು ಹೇಳಿ ಮುಗಿಸುವವರೆಗೂ ಸುಮ್ಮನಿದ್ದವು.

ಮಳೆಗಾಲಕ್ಕೆ ಸವಣೂರಿನಲ್ಲಿ ಮೇಡಂ ಅವರ ತಾಯಿ ಹಾಸಿಗೆ ಹಿಡಿದರು. ಕಡೆಯ ಸಲ ನಾನು ಮೇಡಂ ಅವರನ್ನು ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಭಾನುವಾರದ ಕ್ಲಾಸನ್ನು ನನಗೇ ಒಪ್ಪಿಸಿದರು.

‘ಮತ್ತ ಬುಧವಾರದ್ದು?’

‘ಅದನ್ನೂ ನಡಸ್ರಿ. ಒಬ್ಬೊಬ್ಬರನ್ನ ಕರೀರಿ. ಅಂಜಬ್ಯಾಡ್ರಿ, ಗೋದಾಮು ಇನ್ನಮ್ಯಾಲೆ ಖಾಲಿ. ಅಕಿನ್ನ ಅವ್ವನ ಕಡೆ ಕರ್ಕೊಂಡ ಹೊಂಟೇನಿ’ ಎಂದು ಬಸ್ಸು ಹತ್ತಿದರು.

ಮುಂದಿನ ಬುಧವಾರ ಹೋಗಿ ಬಾಗಿಲು ತೆಗೆದೆ. ನಿಜಕ್ಕೂ ಖಾಲಿಯಾಗಿತ್ತು. ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಅತ್ತೆ.