‘ಹೂಂ’ ಅನ್ನದಂತೆ ಕೇಳುವ ವಿದ್ಯೆ

ನೀವು ಇದನ್ನು ನಂಬುವುದಿಲ್ಲ. ನಾನೇ ನಂಬಲು ಎರಡು ದಿನ ತೆಗೆದುಕೊಂಡೆ. ಕಳೆದ ವರ್ಷ, ಪಿಯುಸಿ ಮೊದಲ ವರ್ಷದಲ್ಲಿದ್ದಾಗ, ನಾನು ಡಾಕ್ಟರುಗಳಿಗೆ ಟೀಚರ್ ಆಗಿದ್ದೆ. ಹುದ್ದೆಯ ಹೆಸರು ‘ರೋಗಿ ಶಿಕ್ಷಕಿ’. ಅರ್ಹತೆ, ಒಂಬತ್ತನೇ ವಯಸ್ಸಿನಿಂದ ಟೈಪ್ ಒನ್ ಡಯಾಬಿಟಿಸ್. ನನ್ನ ಮೈ ಇನ್ಸುಲಿನ್ ತಯಾರಿಸುವುದಿಲ್ಲ, ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಬೇಕು. ಇಷ್ಟು ಹೊತ್ತಿಗೆ ನಾನು ಜರಡಿಯಾಗಿ, ಕುಡಿದ ನೀರು ಸೋರಬೇಕಿತ್ತು.

ಹುಮನಾಬಾದಿನಲ್ಲಿ ನನ್ನನ್ನು ನೋಡುವ ಡಾಕ್ಟರಮ್ಮ ಒಂದು ಶನಿವಾರ ಆರು ಮಂದಿ ಮೆಡಿಕಲ್ ವಿದ್ಯಾರ್ಥಿಗಳನ್ನು ನನ್ನ ಮುಂದೆ ಕೂರಿಸಿದರು. ಜೊತೆಗೆ ಬಂದಿದ್ದ ಅವ್ವ ಹೊರಗೆ ಔಷಧಿಯ ಸಾಲಿನಲ್ಲಿದ್ದಳು.

“ಪುಸ್ತಕದಾಗಿನ ರೋಗ ಇವ್ರಿಗಿ ಗೊತ್ತದ. ಮನಿಯಾಗಿನ ರೋಗ ನೀ ಹೇಳವ್ವ,” ಎಂದರು ಡಾಕ್ಟರಮ್ಮ.

ಮೊದಲ ಹುಡುಗಿ ಕೇಳಿದಳು, “ಇನ್ಸುಲಿನ್ ಬರೋಬ್ಬರಿ ತಗೋತೀರೇನ್ರಿ?”

“ಹೂಂರಿ.”

ಅವಳು ‘ಸರಿಯಾಗಿದೆ’ ಎಂದು ಬರೆದುಕೊಂಡಳು. ನಾನು ಮೇಜು ಗುದ್ದಿದೆ. ಮೇಲಿದ್ದ ಬಿ.ಪಿ. ಯಂತ್ರ ತಾನಾಗಿಯೇ ನೂರ ಎಂಬತ್ತು ತೋರಿಸಿತು.

“ಅಕ್ಕೋರೆ, ಹಿಂಗ ಕೇಳಿದ್ರ ನಮ್ಮ ಕಡಿ ಮಂದಿ ಸಾಯೋತನಕ ಹೂಂ ಅಂತಾರ. ಡಾಕ್ಟರ್ ಕೇಳ್ಯಾರ, ಇಲ್ಲ ಅಂದ್ರ ಮರ್ಯಾದಿ ಅಲ್ಲ! ‘ಹಿಂದ ಯಾವತ್ತು ತಪ್ಪಿತ್ತು?’ ಅಂತ ಕೇಳ್ರಿ. ತಪ್ಪತದ ಅಂತ ನೀವೇ ಒಪ್ಕೊಂಡಂಗ ಆಗ್ತದ, ಆಗ ಬಾಯಿ ಬಿಡ್ತಾರ.”

ಆರು ಪೆನ್ನುಗಳು ಓಡಿದವು. ಕನ್ನಡಕದ ಹುಡುಗನೊಬ್ಬ ಕೈ ಎತ್ತಿದ.

“ಹಂಗಾದ್ರ ನೀವು ಹಿಂದ ಯಾವತ್ತು ತಪ್ಪಿಸಿದ್ರಿ?”

ನಮ್ಮೂರು ಕೊಹಿನೂರದಿಂದ ಬಸವಕಲ್ಯಾಣದ ಕಾಲೇಜಿಗೆ ಅವ್ವ ನನ್ನನ್ನು ಕಳಿಸುತ್ತಿದ್ದದ್ದು ಒಂದೇ ಷರತ್ತಿನ ಮೇಲೆ: ಮಧ್ಯಾಹ್ನದ ಸೂಜಿ ತಪ್ಪಿದರೆ ಕಾಲೇಜು ಬಂದ್. ನಾನೋ ವಾರಕ್ಕೆ ಮೂರು ದಿನ ತಪ್ಪಿಸುತ್ತಿದ್ದೆ. ಗೆಳತಿಯರ ಮುಂದೆ ಚುಚ್ಚಿಕೊಳ್ಳಲು ನಾಚಿಕೆ. ಸಂಜೆಯ ಸಕ್ಕರೆ ಯಾಕೆ ಏರುತ್ತಿದೆ ಎಂದು ಡಾಕ್ಟರಮ್ಮ ತಲೆ ಕೆರೆದುಕೊಳ್ಳುತ್ತಿದ್ದರು. ಅವತ್ತೇ ಡೋಸ್ ಹೆಚ್ಚಿಸುವವರಿದ್ದರು.

“ನಿನ್ನಿ,” ಎಂದೆ. “ಮೊನ್ನಿನೂ.”

ಡಾಕ್ಟರಮ್ಮ ಬೈಯಲಿಲ್ಲ. “ಚಲೋ ಆತು ಹೇಳಿದಿ. ಸೂಜಿನೇ ತಗೊಳ್ಳದಾಕಿಗಿ ನಾ ಡೋಸ್ ಏರಸಾಕತ್ತಿದ್ದೆ. ತಗೊಂಡ ದಿನ ಸಕ್ಕರಿ ಇಳಿದು ಬಸ್ಸಿನ್ಯಾಗೇ ಬೀಳ್ತಿದ್ದಿ,” ಎಂದು ಕಾಲೇಜಿನವರಿಗೆ ಚೀಟಿ ಬರೆದರು: ಮಧ್ಯಾಹ್ನ ಈ ಹುಡುಗಿಗೆ ಬಾಗಿಲು ಮುಚ್ಚುವಂಥ ಒಂದು ಕೋಣೆ ಕೊಡಿ.

ಬೈಗುಳ ಕಾದಿರುವ ಕಡೆ ರೋಗಿ ನಿಜ ಹೇಳುವುದಿಲ್ಲ. ಈ ಹುದ್ದೆ ನನಗೆ ಕಲಿಸಿದ್ದು ಇಷ್ಟು. ಕೇಳಿದ ಆ ಹುಡುಗನಿಗೂ, ಕೇಳಿಸಿಕೊಂಡು ಬೈಯದ ಡಾಕ್ಟರಮ್ಮನಿಗೂ ನಾನು ಇಂದಿಗೂ ಋಣಿ. ಅದನ್ನೇ ಅಲ್ಲಿ ಒಂದು ಭಾಷಣವಾಗಿ ಹೇಳಲು ಎದ್ದು ನಿಂತೆ. ನೋಡಿದರೆ ಬಾಗಿಲಲ್ಲಿ ಔಷಧಿ ಚೀಲ ಹಿಡಿದ ಅವ್ವ.

“ನಿನ್ನಿ? ಮೊನ್ನಿನೂ?” ಎನ್ನುತ್ತ ಒಳಗೆ ಬಂದಳು.

“ಕಾಲೇಜ್ ಬಿಡಸ್ತಿ ಏನವ್ವಾ?”

ಅವ್ವ ಚೀಟಿ ಇಸಿದುಕೊಂಡು ಓದಿ, ಸೆರಗಿಗೆ ಕಟ್ಟಿಕೊಂಡಳು. “ಯಾಕ ಬಿಡಸ್ಲಿ? ಸೋಮವಾರದಿಂದ ನಾನೂ ಬಸ್ ಹತ್ತತೀನಿ. ನೀ ಒಳಗ ಚುಚ್ಕೊ, ನಾ ಆ ಕೋಣಿ ಬಾಗಲಿಗಿ ಕುಂದ್ರತೀನಿ. ನಡಿ ಮನಿಗಿ.”